ಹದಿನೆಂಟು ಜೋಡಿ ಕರ್ರ್ ಕರ್ರ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಪ್ಪು ಕಾಕಾನದಲ್ಲ, ಕಾಕುವಿನದಲ್ಲ, ಆ ವರ್ಷದ ಮಳೆಯದೂ ಅಲ್ಲ. ತಪ್ಪು ನನ್ನ ಬಾಯಿಯದು. ಸುಮ್ಮನಿರಲು ಬಾರದ ಬಾಯಿ ಇದು. ಬಸ್ಸಿನ ಹಾರ್ನು, ಕಂಡಕ್ಟರನ ಸೀಟಿ, ನಮ್ಮ ಮೇಡಂ ಸಿಟ್ಟಿಗೆದ್ದಾಗ ಮೂಗಿನಿಂದ ಹೊರಡುವ 'ಹ್ಞೂಂ', ಎಲ್ಲವನ್ನೂ ಮಾಡಿ ತೋರಿಸುತ್ತದೆ. ಶಾಲೆಯಲ್ಲಿ ಹೆಡ್ ಮಾಸ್ತರರ ದನಿಯಲ್ಲಿ ಅರ್ಧ ದಿನ ರಜೆ ಘೋಷಿಸಿ, ಅವರ ಕೈಯಿಂದಲೇ ಒದೆ ತಿಂದ ಬಾಯಿ. ಆದರೆ ಒಂದು ಇಡೀ ಫ್ಯಾಶನ್ ಶೋವನ್ನು ಗಂಡಾಂತರಕ್ಕೆ ತಳ್ಳುವಷ್ಟು ತಾಕತ್ತು ಇದಕ್ಕಿದೆ ಎಂದು ನನಗೂ ಗೊತ್ತಿರಲಿಲ್ಲ.

ನಿಪ್ಪಾಣಿಯ ಒಂದು ಬುಟೀಕಿನಲ್ಲಿ ನಾನು ಟ್ರೇನಿ. 'ಫ್ಯಾಶನ್ ಲೈನಿನಾಗ ಅದೇನ್ರಿ' ಎಂದು ಮದುವೆಮನೆಗಳಲ್ಲಿ ಹೇಳಿಕೊಳ್ಳುತ್ತೇನೆ. ಕೇಳಿದವರು ನಾನು ದಿನವಿಡೀ ಕಪ್ಪು ಕನ್ನಡಕ ಹಾಕಿಕೊಂಡು ಮಾಡೆಲ್‌ಗಳ ನಡುವೆ ಕೂತಿರುತ್ತೇನೆ ಎಂದುಕೊಳ್ಳುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ನಿಜ ಹೇಳಬೇಕೆಂದರೆ, ಎಂಟು ತಿಂಗಳಿಂದ ನಾನು ಕಂಡದ್ದು ಇಸ್ತ್ರಿ ಮೇಜು ಮಾತ್ರ. ಲೆಹೆಂಗಾಕ್ಕೆ ಇಸ್ತ್ರಿ, ದುಪಟ್ಟಾಕ್ಕೆ ಇಸ್ತ್ರಿ, ಬ್ಲೌಸಿಗೆ ಹುಕ್ಕು, ಉಳಿದ ದಾರ ಕತ್ತರಿಸುವುದು, ಗಿರಾಕಿ ಟ್ರಯಲ್ ರೂಮಿನಿಂದ ಬಂದಾಗ ಬಾಯಲ್ಲಿ ನಾಲ್ಕು ಸೇಫ್ಟಿ ಪಿನ್ ಕಚ್ಚಿಕೊಂಡು ಮಂಡಿಯೂರುವುದು. ದಿನದಲ್ಲಿ ನನ್ನ ಬಾಯಿ ಮುಚ್ಚಿರುತ್ತಿದ್ದುದು ಆ ಪಿನ್ನುಗಳ ಹೊತ್ತಿನಲ್ಲಿ ಮಾತ್ರ.

ಮೇಡಂ ತಮ್ಮ ಮೊದಲ ಶೋ ಮಾಡಲು ಹೊರಟರು. ಊರಿನ ಒಂದು ಮಂಗಲ ಕಾರ್ಯಾಲಯದಲ್ಲಿ, ಅಂದರೆ ಮದುವೆ ಛತ್ರದಲ್ಲಿ, ಕೈಮಗ್ಗದ ಸೀರೆ ಬಟ್ಟೆಯಿಂದ ಹೊಲಿದ ಹದಿನೆಂಟು ಉಡುಪು, ಆರು ಜನ ಮಾಡೆಲ್‌ಗಳು, ತಲಾ ಮೂರು ಸಲ ನಡಿಗೆ. ನೋಡಲು ಮುಂಬಯಿಯ ದೊಡ್ಡ ಅಂಗಡಿಯೊಂದರ ಖರೀದಿದಾರರು ಬರುವವರಿದ್ದರು. ಕಾಲಿಗೆ ಏನು ಎಂಬ ಮಾತು ಬಂದಾಗ ಶೋ ರೂಮಿನ ಹೊಳೆಯುವ ಹೀಲ್ಸ್ ಎಂದು ತೀರ್ಮಾನವಾಗಿತ್ತು. ನಾನು ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ಬಾಯಿ ಹಾಕಿದೆ.

"ಮೇಡಂ, ಇಂಥಾ ಬಟ್ಟಿ ಉಟ್ಟು ಪ್ಲಾಸ್ಟಿಕ್ ಹೀಲ್ಸ್ ಹಾಕ್ಕೊಂಡ್ರ, ಪುರಣ ಹೋಳಿಗಿಗೆ ಸಾಸ್ ಹಚ್ಚಿದಂಗ ಆಕ್ಕತ್ರಿ. ನಮ್ಮ ಕಾಕಾ ಅಥಣ್ಯಾಗ ಚಪ್ಪಲ್ ಮಾಡ್ತಾನ್ರಿ. ನಾ ಮಾಡಿಸ್ಕೊಂಡ ಬರ್ತೇನಿ."

ಮೇಡಂ ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದರು. ಅಳತೆ ಪಟ್ಟಿ ಇಲ್ಲದೆಯೇ ಅಳೆಯುವುದು ಅವರಿಗೆ ಚೆನ್ನಾಗಿ ಬರುತ್ತದೆ.

"ಆ ಹದಿನೆಂಟ್ ಜೋಡಿ ಸ್ಟೇಜ್ ಹತ್ತಿದ್ರ, ಇನ್ನ ಮುಂದ ಚಪ್ಪಲ್, ಬ್ಯಾಗ್, ದಾಗಿನ, ಎಲ್ಲಾ ನೀನ ಡಿಸೈನ್ ಮಾಡು. ಇಲ್ಲಂದ್ರ ಇಸ್ತ್ರಿ ಮೇಜ್ ಎಲ್ಲೂ ಓಡಿ ಹೋಗೂದಿಲ್ಲ" ಎಂದರು. ಹತ್ತು ಸಾಲಿನ ಒಂದು ಹಾಳೆ ಬರೆದು ಕೈಗಿಟ್ಟರು. ತಳ ಎಷ್ಟು ಪದರ, ಪಟ್ಟಿ ಎಷ್ಟು ಅಗಲ, ಬಣ್ಣ ಯಾವುದು, ಎಲ್ಲವೂ ಅದರಲ್ಲಿತ್ತು. ನಾನು ಓದಿದೆ. ಕುಣಿಯುತ್ತ ಓದಿದೆ. ಮಡಚಿ ಬ್ಯಾಗಿನ ಒಳಜೇಬಿಗೆ ಹಾಕಿದೆ. ಚಿಕ್ಕೋಡಿಯಲ್ಲಿ ಬಸ್ ಬದಲಿಸಿ ಅಥಣಿ ಮುಟ್ಟುವ ಹೊತ್ತಿಗೆ ನಾನು ಮನಸ್ಸಿನಲ್ಲೇ ಡಿಸೈನರ್ ಆಗಿ, ಮೂರು ಸಂದರ್ಶನವನ್ನೂ ಕೊಟ್ಟಾಗಿತ್ತು.

ನಮ್ಮ ಮನೆತನದಲ್ಲಿ ಚಪ್ಪಲಿಯ ಕೆಲಸ ಇಬ್ಬರಾಗಿ ಮಾಡುವಂಥದ್ದು. ಕಾಕಾ ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲನ್ನು ನೆನೆಹಾಕಿ, ಬಡಿದು, ತಗಡಿನ ಫರ್ಮಾ ಇಟ್ಟು ಆ ಅಚ್ಚಿನಂತೆ ತಳ ಕತ್ತರಿಸುತ್ತಾನೆ. ಅವನ ಹೆಂಡತಿ ಕಾಕು ಆರಿಯಿಂದ ತೂತು ಹಾಕಿ ಚರ್ಮದ ದಾರದಲ್ಲಿ ಹೊಲಿಯುತ್ತಾಳೆ, ಮೇಲಿನ ಪಟ್ಟಿ ಹೆಣೆಯುತ್ತಾಳೆ. ಮೊಳೆ ಒಂದೂ ಇಲ್ಲ. ಕಾಕಾನಿಗೆ ಮಾತು ಕಡಿಮೆ, ಕೆಮ್ಮು ಜಾಸ್ತಿ. ಕಾಕುವಿಗೆ ಎರಡೂ ಜಾಸ್ತಿ.

ಅವತ್ತು ನಾನು ಹಾಳೆ ಓದಿ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಂಗಳದಲ್ಲಿ ಅಕ್ಕಪಕ್ಕದವರು ಏಳೆಂಟು ಜನ ಸೇರಿದ್ದರು. ಜನ ಕಂಡರೆ ನನಗೆ ಆಗುವುದೇ ಹಾಗೆ. ಕಾಕುವಿನ ದುಪಟಿಯನ್ನು ಹೆಗಲಿಗೆ ಎಸೆದುಕೊಂಡು, ಸೊಂಟ ಮುರಿದು, ಮುಖದಲ್ಲಿ ನಗು ಎಂಬುದೇ ಇಲ್ಲದೆ, ಬಾಗಿಲಿನಿಂದ ನೀರಿನ ಟಾಕಿಯವರೆಗೆ ಮಾಡೆಲ್ ನಡಿಗೆ ನಡೆದೆ. ಹೆಜ್ಜೆ ಹೆಜ್ಜೆಗೂ ಬಾಯಿಂದ ಸಪ್ಪಳ: ಕರ್ರ್... ಕರ್ರ್... ಕರ್ರ್. ಟಾಕಿಯ ಹತ್ತಿರ ನಿಂತು, ತಿರುಗಿ, ಕಾಕಾನನ್ನು ಕಣ್ಣಂಚಿನಲ್ಲಿ ನೋಡಿ, ಮತ್ತೆ ಕರ್ರ್ ಕರ್ರ್. ನೆರೆದವರು ಬಿದ್ದು ಬಿದ್ದು ನಕ್ಕರು. ಕಾಕಾ ಮಾತ್ರ ನಗಲಿಲ್ಲ. ಗಂಭೀರವಾಗಿ ತಲೆಯಾಡಿಸಿದ.

"ಗೊತ್ತಾತು. ಗತ್ತಿನ ಮಾಲ್ ಬೇಕು."

"ಬರೋಬ್ಬರಿ ಕಾಕಾ! ಮದಿವಿ ಮಾಡೂ ಮಂದಿ ನೋಡಿ ಹೊಟ್ಟಿ ಉರ್ಕೋಬೇಕು" ಎಂದೆ.

ನಮ್ಮ ಕಡೆ ಗೊತ್ತಿರುವವರಿಗೆ ಇದನ್ನು ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮದುಮಗನಿಗೋ ಪೈಲವಾನನಿಗೋ ಗೌಡರಿಗೋ ಗತ್ತಿನ ಚಪ್ಪಲಿ ಮಾಡುವಾಗ ಎರಡು ತಳದ ನಡುವೆ, ಹಿಮ್ಮಡಿಯ ಕಡೆ, ಒಂದು ಕಾಡುಗಿಡದ ಒಣ ಬೀಜ ಇಟ್ಟು ಹೊಲಿಯುತ್ತಾರೆ. ಹೆಜ್ಜೆ ಊರಿದಾಗ ಪದರಗಳು ತಿಕ್ಕಿ ಕರ್ರ್ ಎನ್ನುತ್ತವೆ. ಬರುವವರು ಓಣಿಯ ತಿರುವಿನಲ್ಲಿರುವಾಗಲೇ ಮನೆಯವರು ಚಹಾಕ್ಕೆ ನೀರು ಇಡಬೇಕು, ಆ ಲೆಕ್ಕದ ಸಪ್ಪಳ.

ಮೊದಲ ಪೆಟ್ಟು ಬಿದ್ದದ್ದು ಅಳತೆಯಲ್ಲಿ. ಆರೂ ಮಾಡೆಲ್‌ಗಳ ಪಾದವನ್ನು ಹಳೆಯ ಪೇಪರಿನ ಮೇಲೆ ಇಡಿಸಿ ಪೆನ್ನಿನಿಂದ ಗೆರೆ ಎಳೆದು ತಂದಿದ್ದೆ. ಕೊಲ್ಹಾಪುರ, ಬೆಳಗಾವಿಯ ಕಾಲೇಜು ಹುಡುಗಿಯರು, ಎಲ್ಲರೂ ನನಗಿಂತ ಎತ್ತರ. ಕಾಕಾ ಪೇಪರನ್ನು ಬೆಳಕಿಗೆ ಹಿಡಿದ, ಕೆಮ್ಮಿದ, ಕೇಳಿದ: "ಗೆರಿ ಹೊಡಿಯೂ ಮುಂದ ಇವ್ರು ಕುಂತಿದ್ರೋ, ನಿಂತಿದ್ರೋ?"

"ಕುಂತಿದ್ರು. ಎ.ಸಿ. ಮುಂದ ಸೋಫಾದಾಗ. ಯಾಕ?"

"ಕುಂತ ಪಾದ ಬ್ಯಾರೆ, ನಿಂತ ಪಾದ ಬ್ಯಾರೆ. ಮೈ ಭಾರ ಬಿದ್ದಮ್ಯಾಲ ಪಾದ ಹರವ್ತೈತಿ. ಇವ್ರು ಕುಂತ ಸ್ಟೇಜ್ ಮ್ಯಾಲ ಬರ್ತಾರೇನು, ಗಾಡ್ಯಾಗ?"

ಡಿಪ್ಲೊಮಾದ ಸರ್ಟಿಫಿಕೇಟು ಇರುವುದು ನನ್ನ ಹತ್ತಿರ. ಮತ್ತೆ ಕೊಲ್ಹಾಪುರ, ಮತ್ತೆ ಬೆಳಗಾವಿ. ಆರೂ ಜನರನ್ನು ನಿಲ್ಲಿಸಿ, ನಾನು ನೆಲದ ಮೇಲೆ ಬೋರಲು ಮಲಗಿ ಗೆರೆ ಎಳೆದೆ. ಒಬ್ಬ ಹುಡುಗಿ ತನ್ನ ಮೊಬೈಲಿನಲ್ಲಿ ನನ್ನದೊಂದು ವಿಡಿಯೋ ಮಾಡಿ, ಕೆಳಗೆ 'ಡಿಸೈನರ್ ಅಟ್ ವರ್ಕ್' ಎಂದು ಬರೆದು ಹಾಕಿದಳು. ನನ್ನ ಹಿಂಭಾಗಕ್ಕೆ ಇನ್ನೂರು ಲೈಕ್ ಬಂದವು. ಕಾಕಾ ಹೊಸ ಗೆರೆಗಳನ್ನು ನೋಡಿ, "ಇದ ಹೆಣ್ಮಗಳ ಪಾದೇನಲೇ? ಕುಸ್ತಿ ಹಿಡಿಯಾಕ ಬರ್ತಾಳೇನು?" ಎಂದ. ಆದರೆ ಆರಕ್ಕೂ ಹೊಸ ಫರ್ಮಾ ಕತ್ತರಿಸಿದ. ಮೂರು ದಿನ ಅಲ್ಲೇ ಹೋದವು.

ಎರಡನೆಯದು ಮಳೆ. ಸಣ್ಣಗೆ, ಬಿಡದೆ, ವಾರಗಟ್ಟಲೆ. ನೆನೆಸಿ ಬಡಿದ ತಳ ಒಣಗಬೇಕೆಂದರೆ ಗಾಳಿಯ ಜೊತೆ ಎಳೆಬಿಸಿಲೂ ಬೇಕು. ಬಿಸಿಲು ಇಲ್ಲ. ಕಾಕು ತಳಗಳನ್ನು ಅಡುಗೆಮನೆಯ ಅಟ್ಟದ ಮೇಲೆ ಸಾಲಾಗಿ ಇಟ್ಟು, ದಿನಕ್ಕೆ ನಾಲ್ಕು ಸಲ ಮಗುಚಿ ಹಾಕುತ್ತಿದ್ದಳು. ಹೋಳಿಗೆ ಬೇಯಿಸುವಾಗಲೂ ಅವಳು ಅಷ್ಟು ಗಮನ ಕೊಟ್ಟದ್ದನ್ನು ನಾನು ಕಂಡಿಲ್ಲ. ನನಗೋ ಅವಸರ. ಬುಟೀಕಿನಿಂದ ಕೂದಲು ಒಣಗಿಸುವ ಡ್ರೈಯರ್ ತಂದಿದ್ದೆ. ಇಬ್ಬರೂ ಸಂತೆಗೆ ಹೋದದ್ದು ನೋಡಿ ಒಂದು ಜೋಡಿಗೆ ಹತ್ತು ನಿಮಿಷ ಬಿಸಿಗಾಳಿ ಹಿಡಿದೆ. ನೋಡನೋಡುತ್ತ ಅಂಚು ಮೇಲೆದ್ದು ತಳ ಸುರುಳಿಯಾಯಿತು, ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ.

ಕಾಕು ಬಂದವಳು ಅದನ್ನು ಎತ್ತಿ ಹಿಡಿದು ನೋಡಿದಳು.

"ಇದನ್ನ ಯಾರ ಕಾಲಿಗೆ ಹಾಕಾವ ಅದೀ? ಮೊಲಕ್ಕೇನು?"

"ಕಾಕು, ಟೈಮ್ ಇಲ್ಲ ಅಂತ..."

"ಟೈಮ್ ತೊಗಲಿಗೆ ಐತಿ. ನಿನಗ ಇಲ್ಲ."

ಆ ಜೋಡಿ ಮತ್ತೆ ಮೊದಲಿನಿಂದ. ಡ್ರೈಯರನ್ನು ಕಾಕಾ ತೆಗೆದುಕೊಂಡು ಹೋಗಿ ಕೋಳಿಗೂಡಿನ ಮೇಲೆ ಇಟ್ಟ. ಅಲ್ಲಿಂದ ನನ್ನ ಕೆಲಸ ನೀರು ತರುವುದು, ಎಣ್ಣೆ ಹಚ್ಚುವುದು, ಕಾಕು ಬಯ್ಯುವಾಗ ಹೌದ್ರಿ ಎನ್ನುವುದು. ನಿಪ್ಪಾಣಿಯಿಂದ ಮೇಡಂ ದಿನಾ ಫೋನ್ ಮಾಡಿ, "ಹಾಳ್ಯಾಗ ಬರದಂಗ ನಡದೈತಿಲ್ಲೋ?" ಎಂದು ಕೇಳುತ್ತಿದ್ದರು. "ಅಗದೀ ಹಂಗ ನಡದೈತ್ರಿ" ಎನ್ನುತ್ತಿದ್ದೆ. ಹಾಳೆ ಬ್ಯಾಗಿನಿಂದ ಹೊರಗೆ ಬಂದೇ ಇರಲಿಲ್ಲ.

ಹಾಗಾದರೂ ಹೇಳುತ್ತೇನೆ, ಆ ದಿನಗಳಲ್ಲಿ ನನಗೆ ಹತ್ತಿದ ಹುರುಪು ಹಿಂದೆಂದೂ ಹತ್ತಿರಲಿಲ್ಲ. ಬರೀ ಕಂದು ತೊಗಲಿನ ತುಂಡು ಕಾಕುವಿನ ಬೆರಳಿನಲ್ಲಿ ಏಳು ಎಳೆಯ ಜಡೆಯಾಗುತ್ತಿತ್ತು. ಉಡುಪಿನ ಅಂಚಿನಲ್ಲಿದ್ದ ಕಮಾನಿನ ಚಿತ್ತಾರವನ್ನು ನಾನು ಚೀಟಿಯ ಮೇಲೆ ಬರೆದು ತೋರಿಸಿದರೆ, ಅವಳು "ಹಿಂಗೇನು?" ಎನ್ನುತ್ತ ಅದನ್ನೇ ಪಟ್ಟಿಯ ಮೇಲೆ ಎತ್ತಿಬಿಡುತ್ತಿದ್ದಳು. ನಾನು ಬರೆದದ್ದು ಒಂದು ವಸ್ತುವಾಗಿ ಕೈಗೆ ಬಂದದ್ದು ಅದೇ ಮೊದಲು. ಹದಿನೆಂಟೂ ಜೋಡಿ ಅಟ್ಟದಿಂದ ಇಳಿದ ದಿನ, ನಾನು ಒಂದನ್ನು ಮೆಟ್ಟಿ ನೋಡಲು ಕಾಲು ಮುಂದೆ ಮಾಡಿದೆ. ಕಾಕಾ ತನ್ನ ಕೋಲನ್ನು ಅಡ್ಡ ಹಿಡಿದ.

"ಗತ್ತಿನ ಮಾಲಿಗೆ ಮೊದಲ ಕಾಲು ಅದರ ಧಣೀದು. ನಿಂದಲ್ಲ."

ಇದು ಅವನ ಅಪ್ಪನ ಕಾಲದಿಂದ ನಡೆದು ಬಂದ ರಿವಾಜು. ಮಾಡಿದವರೇ ಆಗಲಿ, ಕೊಂಡವರಿಗಿಂತ ಮೊದಲು ಮೆಟ್ಟುವಂತಿಲ್ಲ. ಹೀಗಾಗಿ ಆ ಚಪ್ಪಲಿಗಳು ಅಥಣಿಯಲ್ಲಿ ತುಟಿ ಬಿಚ್ಚಲಿಲ್ಲ. ನನ್ನ ಕೈಗೆ ಚೀಲ ಕೊಡಲು ಕಾಕಾ ಒಪ್ಪದ ಕಾರಣ ಶೋದ ದಿನ ಬೆಳಿಗ್ಗೆ ಕಾಕುವೇ ಹೊರಟಳು. ಬಸ್ಸಿನಲ್ಲಿ ಚೀಲಗಳಿಗೆ ಸೀಟು ಸಿಕ್ಕಿತು, ನಾನು ನಿಪ್ಪಾಣಿಯವರೆಗೆ ನಿಂತೇ ಬಂದೆ.

ಹನ್ನೊಂದಕ್ಕೆ ಕಾರ್ಯಾಲಯ ಮುಟ್ಟಿದೆವು. ಐದಕ್ಕೆ ಶೋ. ಹಾಲಿನಲ್ಲಿ ಬಡಿಗೇರರು ಸ್ಟೇಜಿಗೆ ಹಲಗೆ ಹೊಡೆದು ಮುಗಿಸಿದ್ದರು, ಅಡುಗೆಯವರು ಖರೀದಿದಾರರಿಗೆಂದು ಉಪ್ಪಿಟ್ಟಿನ ತಯಾರಿಯಲ್ಲಿದ್ದರು. ಪುಣೆಯಿಂದ ಬಂದ ಶೋ ಡೈರೆಕ್ಟರ್ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಅವನದು ಬರೀ ಮರಾಠಿ. ನಮ್ಮವರಿಗೆಲ್ಲ ಅದು ತಿಳಿಯುತ್ತದೆ, ನಿಮಗಾಗಿ ಇಲ್ಲಿ ಕನ್ನಡ ಮಾಡಿದ್ದೇನೆ. ಮೇಡಂ ಚೀಲ ಬಿಚ್ಚಿ ಒಂದು ಜೋಡಿ ಎತ್ತಿದರು. ಹೆಣಿಗೆಯ ಮೇಲೆ ಬೆರಳಾಡಿಸಿದರು. ಉಡುಪಿನ ಅಂಚಿಗೆ ಹಿಡಿದು ನೋಡಿದರು. "ಭಾರೀ ಮಾಡೀರಿ ಕಾಕು" ಎಂದರು. ನನ್ನ ಎದೆ ಮಾವಿನಕಾಯಿ ತುಂಬಿದ ಗೋಣಿಯಾಯಿತು. ಮೊದಲ ಹುಡುಗಿ ಮೆಟ್ಟಿದಳು, ಸ್ಟೇಜ್ ಹತ್ತಿದಳು, ಡೈರೆಕ್ಟರ್ ಕೈ ಎತ್ತಿದ, ಮ್ಯೂಸಿಕ್ ಹೊಡೆಯಿತು.

ಧಡ್ ಧಡ್ ಕರ್ರ್. ಧಡ್ ಕರ್ರ್ ಧಡ್ ಧಡ್ ಕರ್ರ್.

ಹುಡುಗಿ ನಿಂತಳು. ತನ್ನ ಕಾಲನ್ನೇ ನೋಡಿಕೊಂಡಳು. ಮತ್ತೊಂದು ಹೆಜ್ಜೆ ಇಟ್ಟಳು. ಕರ್ರ್. ಉಳಿದ ಐವರು ಕಿಸಕ್ಕನೆ ನಕ್ಕರು.

ನನ್ನ ಕೈ ತಾನಾಗಿ ಬ್ಯಾಗಿನ ಒಳಜೇಬಿನ ಮೇಲೆ ಹೋಯಿತು. ಯಾಕೆಂದರೆ ಹಾಳೆಯ ಏಳನೆಯ ಸಾಲು ಆ ಕ್ಷಣದಲ್ಲಿ ಕಣ್ಣ ಮುಂದೆ ಬಂತು: ತಳ ಸಾದಾ ಇರಲಿ, ಸಪ್ಪಳ ಬೇಡ. ಮೇಡಂ ಇದೇ ಸೀಮೆಯವರು. ಎಲ್ಲಾ ಗೊತ್ತಿದ್ದೇ ಬರೆದಿದ್ದರು.

"ಬಾಕ್ಸಿನಲ್ಲಿರುವ ಹೀಲ್ಸ್ ತೆಗೆಯಿರಿ" ಎಂದ ಡೈರೆಕ್ಟರ್. "ಮ್ಯೂಸಿಕ್‌ದು ಒಂದು ತಾಳ, ಚಪ್ಪಲಿದು ಇನ್ನೊಂದು. ಎರಡೂ ಕೂಡಿದರೆ ಕೆಟ್ಟುಹೋದ ಹಿಟ್ಟಿನ ಗಿರಣಿ. ಬಂದವರು ನಗುತ್ತಾರೆ."

ಮೇಡಂ ಕಾಕುವಿನ ಕಡೆ ತಿರುಗಿದರು. "ಸಪ್ಪಳ ಬ್ಯಾಡ ಅಂತ ಹೇಳಿ ಕಳಸಿದ್ನೆಲ್ಲಾ ಕಾಕು?"

ಕಾಕು ನನ್ನ ಕಡೆ ತಿರುಗಿದಳು. ಆಗ ನನ್ನ ಬಾಯಿಗೆ ಎರಡು ಸುಳ್ಳು ಬಂದು ನಿಂತಿದ್ದವು. ಒಂದು, ಹೊಸ ತೊಗಲು, ಮಳೆಯ ಹಸಿ, ಸಪ್ಪಳ ನಾಲ್ಕು ಹೆಜ್ಜೆಗೆ ಹೋಗುತ್ತದೆ. ಇನ್ನೊಂದು, ಹೇಳಿದ್ದೆ, ಇವರೇ ಮರೆತಿದ್ದಾರೆ. ಎರಡಕ್ಕೂ ಬೇಕಾದ ದನಿ, ಮುಖ ನನ್ನಲ್ಲಿ ತಯಾರಿದ್ದವು. ಅದೇ ನನ್ನ ಕಸುಬಲ್ಲವೇ! ಆದರೆ ನಾನು ಅದ್ಯಾವುದನ್ನೂ ಮಾಡದೆ, ಟೇಬಲ್ಲಿನ ಮೇಲಿದ್ದ ಬ್ಲೇಡ್ ಎತ್ತಿಕೊಂಡು, "ಹಿಮ್ಮಡಿ ಹೊಲಿಗಿ ಬಿಚ್ಚಿ ಬೀಜ ತಗದ ಬಿಡೂಣು, ಇನ್ನ ಐದಾರ ತಾಸ ಐತಿ" ಎಂದೆ.

ಕಾಕು ನನ್ನ ಮಣಿಕಟ್ಟು ಹಿಡಿದಳು. "ಒಣಗಿದ ತೊಗಲಿನ್ಯಾಗ ಒಂದ ತೂತಿಗೆ ಎರಡ ಸಲ ಆರಿ ಹಾಕಿದ್ರ ತೂತು ದೊಡ್ಡದಾಕ್ಕತಿ, ದಾರ ನಿಲ್ಲೂದಿಲ್ಲ. ಹುಡಿಗಿ ಮುಂದ ಹೊಕ್ಕಾಳ, ಚಪ್ಪಲ್ ಹಿಂದ ಉಳಿತೈತಿ." ಆಮೇಲೆ ದನಿ ತಗ್ಗಿಸಿ ನನಗಷ್ಟೇ ಕೇಳುವಂತೆ, "ನೀನ ಅಲ್ಲೇನೋ ಟಾಕಿ ಮುಂದ ಬಾಯ್ಲೆ ಮಾಡಿ ತೋರಿಸಿದ್ದು? ಅದನ್ನ ನೋಡಿ ನಿಮ್ಮ ಕಾಕಾ ಬೀಜ ಹುಡಕಾಕ ಎರಡ ದಿನ ಅಡವಿ ತಿರಗ್ಯಾನ" ಎಂದಳು.

ಮಳೆಯಲ್ಲಿ, ಆ ಕೆಮ್ಮಿನಲ್ಲಿ.

ನಾನು ಬ್ಲೇಡ್ ಕೆಳಗಿಟ್ಟೆ. ಬ್ಯಾಗಿನ ಒಳಜೇಬಿನಿಂದ ಹಾಳೆ ತೆಗೆದು, ಅವತ್ತು ಮಡಚಿಟ್ಟ ಮಡಿಕೆಯಲ್ಲೇ ಮೇಡಂ ಕೈಗೆ ಕೊಟ್ಟೆ.

"ಇದನ್ನ ನಾ ಅಲ್ಲೆ ಓದಿ ಹೇಳಲೇ ಇಲ್ರಿ. ಮಂದಿ ನಗ್ಲಿ ಅಂತ ಕುಣದ ತೋರಿಸಿದ್ನಿ, ಬಾಯ್ಲೆ ಸಪ್ಪಳ ಮಾಡಿದ್ನಿ. ಅವ್ರು ಅದನ್ನ ಆರ್ಡರ್ ಅಂತ ಹಿಡದ್ರು. ಫೋನಿನ್ಯಾಗ ನಿಮಗ ಸುಳ್ಳ ಹೇಳಿದಾಂವ ನಾನ. ಅವರದೇನೂ ತಪ್ಪಿಲ್ಲ."

"ಹ್ಞೂಂ" ಎಂದರು ಮೇಡಂ. ಆ ದನಿಯನ್ನು ನಾನು ನೂರು ಸಲ ಅನುಕರಿಸಿದ್ದೇನೆ. ಅದರ ಎದುರು ನಿಂತು ಕೇಳಿದಾಗ ಅನುಕರಣೆಯಲ್ಲಿ ಏನೇನು ಬಿಟ್ಟಿದ್ದೆ ಎಂದು ತಿಳಿಯಿತು. ಹಿಂದೆ ಗೋಡೆಯ ಪಕ್ಕ ಇಸ್ತ್ರಿ ಮೇಜನ್ನು ತಂದಿಟ್ಟಿದ್ದರು. ಡೈರೆಕ್ಟರನ ಮನುಷ್ಯರು ಹೀಲ್ಸ್ ಬಾಕ್ಸುಗಳ ಟೇಪು ಕೀಳತೊಡಗಿದರು.

ಹೋಗುವುದಂತೂ ಹೋಯಿತು, ಒಂದು ಮಾತು ಕೇಳಿಯೇ ಹೋಗೋಣ ಎನಿಸಿತು. "ಮೇಡಂ, ಒಂದ ಸಲ ಮ್ಯೂಸಿಕ್ ಬಂದ್ ಮಾಡಿಸ್ರಿ. ಆರೂ ಮಂದಿ ಒಟ್ಟಿಗೆ ನಡೀಲಿ. ಒಂದ ಸಲ. ಆಮ್ಯಾಲ ನಾನ ಕೈಯಾರೆ ಹೀಲ್ಸ್ ಹಾಕ್ತೇನಿ."

ಮೇಡಂ ಬೆರಳು ಎತ್ತಿದರು. ಮ್ಯೂಸಿಕ್ ನಿಂತಿತು. ಹುಡುಗಿಯರು ಚಪ್ಪಲಿ ಮೆಟ್ಟಿ ಸಾಲಾಗಿ ನಿಂತರು. "ಹಾಡಿಗೆ ಕಾಯಬ್ಯಾಡ್ರಿ, ನಿಮ್ಮ ಕಾಲಿನ ಸಪ್ಪಳ ಕೇಳ್ಕೋತ ಬರ್ರಿ" ಎಂದೆ.

ಮೊದಲ ನಾಲ್ಕು ಹೆಜ್ಜೆ ಗೊಂದಲ. ಐದನೆಯದಕ್ಕೆ ಆರೂ ಕಾಲು ಕೂಡಿದವು. ಕರ್ರ್. ಖಾಲಿ ಹಾಲಿನ ತಗಡಿನ ಚಾವಣಿಗೆ ತಾಗಿ ತಿರುಗಿ ಬಂತು. ಕರ್ರ್. ಹುಡುಗಿಯರ ಬೆನ್ನು ತಾನಾಗಿ ನೆಟ್ಟಗಾಯಿತು. ಎರಡು ದಿನ ಡೈರೆಕ್ಟರ್ ಗದರಿದರೂ ಬಾರದ ನಡಿಗೆ ಅದು. ಕರ್ರ್. ಏಣಿಯ ಮೇಲಿದ್ದ ಲೈಟಿನವನು ತಿರುಗಿ ನೋಡಿದ. ಅಡುಗೆಯವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಹೊರಗೆ ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಇಬ್ಬರು ಒಳಗೆ ಇಣುಕಿದರು. ಹುಡುಗಿಯರು ತುದಿಗೆ ಬಂದು, ನಿಂತು, ಒಟ್ಟಿಗೆ ತಿರುಗಿದರು. ಆ ಒಂದು ಕ್ಷಣದ ನಿಶ್ಶಬ್ದದಲ್ಲಿ ಮೈಮೇಲೆ ಮುಳ್ಳು ಎದ್ದವು, ನನಗೊಬ್ಬನಿಗೇ ಅಲ್ಲ. ಮೇಡಂ ತಮ್ಮ ತೋಳನ್ನು ತಾವೇ ಸವರಿಕೊಳ್ಳುತ್ತಿದ್ದರು.

ಡೈರೆಕ್ಟರ್ ಮಾತ್ರ ಸೋಲಲು ತಯಾರಿರಲಿಲ್ಲ. "ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಫ್ಯಾಶನ್ ಶೋ ಅಂದರೆ ಮ್ಯೂಸಿಕ್ ಬೇಕೇ ಬೇಕು. ಮಾವಶಿ, ಇವರು ಸ್ವಲ್ಪ ಸದ್ದಿಲ್ಲದ ಹಾಗೆ ನಡೆಯುವುದಕ್ಕೆ ಏನಾದರೂ ಉಪಾಯ ಹೇಳಿ" ಎಂದು ಕಾಕುವನ್ನು ಕೇಳಿದ.

ಕಾಕು ಖಾಲಿ ಚೀಲ ಮಡಚುತ್ತ, ತಲೆ ಎತ್ತದೆ, ಅವನಿಗೆ ತಿಳಿಯಲೆಂದು ಮರಾಠಿಯಲ್ಲೇ ಹೇಳಿದಳು. ಕನ್ನಡದಲ್ಲಿ ಅದು ಹೀಗಾಗುತ್ತದೆ: "ಸಪ್ಪಳಿಲ್ದ ಬರಬೇಕಂದ್ರ ಬರಿಗಾಲಿಲೆ ಬರಾಕ ಹೇಳ್ರಿ ಸಾಹೇಬ್ರ. ಕಳುವು ಮಾಡಾಕ ಬರಾವ್ರು ಹಂಗ ಬರ್ತಾರ."

ಅಡುಗೆಯವರು ಹೋ ಎಂದು ನಕ್ಕರು. ಡೈರೆಕ್ಟರ್ ಕೆಂಪಗಾದ. ಅವನು ಮೇಡಂ ಕಡೆ ತಿರುಗಿ, ಸ್ಟೇಜಿನ ಎರಡೂ ಬದಿ ಆಳೆತ್ತರ ನಿಂತಿದ್ದ ಸ್ಪೀಕರುಗಳತ್ತ ಕೈ ಚಾಚಿದ. "ಪುಣೆಯಿಂದ ಡಿಜೆಯನ್ನು ಕರೆಸಿದ್ದೇವೆ ಮೇಡಂ, ಇಷ್ಟು ದೂರ ಬಂದಿದ್ದಾನೆ. ಈಗ ಅವನಿಗೆ ನಾನು ಏನು ಮಾಡಲು ಹೇಳಲಿ?"

ಮೇಡಂ ತಾವು ಬರೆದ ಆ ಹಾಳೆಯನ್ನು ನಾಲ್ಕು ಚೂರು ಮಾಡಿ ಕಸದ ಡಬ್ಬಿಗೆ ಹಾಕಿದರು.

"ಅವಂಗ ಒಂದ ಕಪ್ ಚಾ ಕುಡಸ್ರಿ, ಚಪ್ಪಲಿಗೆ ಮೈಕ್ ಹಿಡೀರಿ."